ಉಡುಪಿಯಿಂದ ಮದ್ರಾಸಿಗೆ, ಮತ್ತೆ ಉಡುಪಿಗೆ

ಚೆನ್ನೈನ ಪ್ಯಾರೀಸ್ ಬಳಿ ಹೈಕೋರ್ಟಿನ ಕೆಂಪು ಕಟ್ಟಡವಿದೆ. 1892ರಲ್ಲಿ ತೆರೆದದ್ದು. ಅದನ್ನು ದಾಟಿ ಓಡಾಡುವ ನಮಗೆ ಅದು ತಮಿಳುನಾಡಿನ ನ್ಯಾಯಾಲಯ, ಅಷ್ಟೇ. ಆದರೆ 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಗುವವರೆಗೆ ಮಂಗಳೂರು, ಉಡುಪಿ, ಕಾಸರಗೋಡಿನವರ ಹೈಕೋರ್ಟೂ ಇದೇ ಆಗಿತ್ತು. ಹಾಗೆ ಉಡುಪಿಯಿಂದ ಇಲ್ಲಿಗೆ ಬಂದ ಒಂದು ವ್ಯಾಜ್ಯದ ಫಲವಾಗಿ ಕಾನೂನಿಗೆ ಸೇರಿದ ಒಂದು ಮಾತು, ಸುಮಾರು ಎಪ್ಪತ್ತು ವರ್ಷ ಕಳೆದ ಮೇಲೆ ಉಡುಪಿಯದೇ ಕಾಲೇಜು ಹುಡುಗಿಯರಿಗೆ ಎದುರಾಯಿತು.

ವ್ಯಾಜ್ಯ ಶೀರೂರು ಮಠದ್ದು. ಅಷ್ಟಮಠಗಳಿಗೆ ಸರದಿಯಲ್ಲಿ ಬರುವ ಎರಡು ವರ್ಷದ ಪರ್ಯಾಯವೆಂದರೆ ಕೃಷ್ಣಮಠದ ಪೂಜೆಯ ಜೊತೆಗೆ ದಿನನಿತ್ಯದ ಅನ್ನಸಂತರ್ಪಣೆಯ ಭಾರವೂ ಹೌದು. ಲಕ್ಷ್ಮೀಂದ್ರತೀರ್ಥ ಸ್ವಾಮಿಗಳಿಗೆ ಮೊದಲ ಪರ್ಯಾಯದಲ್ಲೇ ಸಾಲವಾಗಿತ್ತು. 1946ರಲ್ಲಿ ಎರಡನೆಯದು ಬಂದಾಗ ರೇಷನ್ನಿನ ಕಾಲ, ದಿನಸಿಗೆ ಬೆಂಕಿಬೆಲೆ. ಸಾಲ ಲಕ್ಷ ರೂಪಾಯಿಯ ಹತ್ತಿರಕ್ಕೆ ಏರಿತು. ಮದ್ರಾಸಿನ ಧಾರ್ಮಿಕ ದತ್ತಿ ಮಂಡಳಿ ಮಠದ ಆಡಳಿತಕ್ಕೆ ಕೈ ಹಾಕಿತು. ಸ್ವಾಮಿಗಳು ಹೈಕೋರ್ಟಿಗೆ ಹೋಗಿ 1951ರಲ್ಲಿ ಗೆದ್ದರು. ಸರ್ಕಾರದ ಕಡೆಯವರು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋದರು.

1954ರಲ್ಲಿ ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯ ತೀರ್ಪು ಬಂತು. ಧರ್ಮವೆಂದರೆ ಬರಿಯ ನಂಬಿಕೆಯಲ್ಲ, ಆಚರಣೆಯೂ ಅದರ ಭಾಗ. ಅದರಲ್ಲಿ ಅತ್ಯಗತ್ಯವಾದದ್ದು ಯಾವುದು ಎಂಬುದನ್ನು ಆ ಧರ್ಮದ ಸಿದ್ಧಾಂತವನ್ನು ನೋಡಿಯೇ ತಿಳಿಯಬೇಕು, ಹೊರಗಿನ ಅಧಿಕಾರಿ ಹೇಳುವಂತಿಲ್ಲ. ಇದು ತೀರ್ಪಿನ ತಿರುಳು. 'ಅತ್ಯಗತ್ಯ ಆಚರಣೆ' ಎಂಬ ಮಾತು ಹೀಗೆ ಮಠಕ್ಕೆ ಸರ್ಕಾರದಿಂದ ರಕ್ಷಣೆ ಕೊಡುವ ಬೇಲಿಯಾಗಿ ಹುಟ್ಟಿತು.

ಬೇಲಿ ಬರಬರುತ್ತಾ ಜರಡಿಯಾಯಿತು. 1961ರ ಅಜ್ಮೀರ್ ದರ್ಗಾ ಪ್ರಕರಣದಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್, ಮೂಢನಂಬಿಕೆಯಿಂದ ಬಂದು ಸೇರಿಕೊಂಡದ್ದಕ್ಕೆ ರಕ್ಷಣೆಯಿಲ್ಲ ಎಂದರು. ಯಾವುದು ಕಾಳು, ಯಾವುದು ಜೊಳ್ಳು ಎಂದು ಆರಿಸುವ ಕೆಲಸ ನ್ಯಾಯಾಲಯದ ಕೈಗೆ ಬಂತು. ತನ್ನ ಆಚರಣೆ ಅತ್ಯಗತ್ಯವೆಂದು ರುಜುವಾತು ಮಾಡುವ ಹೊರೆ ಆಚರಿಸುವವರ ಹೆಗಲಿಗೆ ಬಿತ್ತು. ಮಠಕ್ಕಾದರೆ ಶಾಸ್ತ್ರ ಬಲ್ಲ ಪಂಡಿತರಿದ್ದಾರೆ, ವಕೀಲರಿಗೆ ಕೊಡಲು ಹಣವಿದೆ. ಶಾಲೆಯ ಮಕ್ಕಳಿಗೆ?

ಮಕ್ಕಳ ವಿಷಯದಲ್ಲಿ ಸುಪ್ರೀಂ ಕೋರ್ಟು ಒಮ್ಮೆ ಬೇರೆ ದಾರಿ ಹಿಡಿದಿತ್ತು. ಕೇರಳದ ಮೂವರು ಒಡಹುಟ್ಟಿದವರು ಯೆಹೋವನ ಸಾಕ್ಷಿಗಳ ಪಂಥದವರು. ರಾಷ್ಟ್ರಗೀತೆಯ ಹೊತ್ತಿಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರ ಜುಲೈನಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಬಿಜೋ ಇಮ್ಯಾನುಯೆಲ್ ಪ್ರಕರಣವೆಂದು ಹೆಸರಾದ ಇದರ ತೀರ್ಪನ್ನು 1986ರ ಆಗಸ್ಟ್ 11ರಂದು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. ಅವರು ಎರಡು ವಿಷಯ ನೋಡಿದರು. ಮಕ್ಕಳ ನಂಬಿಕೆ ಪ್ರಾಮಾಣಿಕವೇ? ಅವರನ್ನು ತಡೆಯುವ ನಿಯಮಕ್ಕೆ ಕಾನೂನಿನ ಬಲವಿದೆಯೇ? ಶಿಕ್ಷಣ ಇಲಾಖೆಯ ಸುತ್ತೋಲೆಗಳಿಗೆ ಆ ಬಲವಿರಲಿಲ್ಲ. ಮಾತಾಡುವ ಹಕ್ಕಿನಲ್ಲಿ ಸುಮ್ಮನಿರುವ ಹಕ್ಕೂ ಸೇರಿದೆ ಎಂದು ಹೇಳಿ, ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಿಕೊಳ್ಳಲು ಆದೇಶಿಸಿದರು.

ಈಗ ಮತ್ತೆ ಉಡುಪಿ. 2021ರ ಕೊನೆಯಲ್ಲಿ ಅಲ್ಲಿನ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರು ತರಗತಿಯ ಹೊರಗೆ ಉಳಿದರು. ಬೇರೆ ಕಾಲೇಜುಗಳಲ್ಲಿ ಕೇಸರಿ ಶಾಲುಗಳು ಬಂದವು. 2022ರ ಫೆಬ್ರುವರಿ 5ರಂದು ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ, ಸಮವಸ್ತ್ರದ ನಿಯಮ ನ್ಯಾಯಸಮ್ಮತ ಎಂದು ಹೇಳಿ ಆ ಆದೇಶವನ್ನು ಎತ್ತಿಹಿಡಿಯಿತು. ಉಡುಪಿಯ ಮಠವನ್ನು ಕಾಯಲು ಹುಟ್ಟಿದ ಮಾತು ಉಡುಪಿಯ ಹುಡುಗಿಯರನ್ನು ಕಾಯಲಿಲ್ಲ. ಕೆಲವರು ಪರೀಕ್ಷೆ ಬರೆಯದೆ ಮನೆಗೆ ಹೋದರು.

ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಶಾಲೆಯಲ್ಲಿ ಎಲ್ಲರೂ ಒಂದೇ ಎಂಬ ಭಾವಕ್ಕೆ ಸಮವಸ್ತ್ರ ಬೇಕು ಎಂಬುದು ಹೇಮಂತ್ ಗುಪ್ತಾ ಅವರ ನಿಲುವು. ಬಡವರ ಮಕ್ಕಳು ಓದುವ ನಮ್ಮ ಶಾಲೆಗಳನ್ನು ಬಲ್ಲವರು ಅದನ್ನು ಸುಲಭವಾಗಿ ತಳ್ಳಿಹಾಕಲಾರರು. ಸುಧಾಂಶು ಧೂಲಿಯಾ ಅವರು ಅತ್ಯಗತ್ಯವೋ ಅಲ್ಲವೋ ಎಂಬ ಚರ್ಚೆಗೆ ಇಳಿಯುವ ಅಗತ್ಯವೇ ಇರಲಿಲ್ಲ ಎಂದರು. ಬಿಜೋ ಪ್ರಕರಣದ ದಾರಿ ಹಿಡಿದು, ಈ ನಿಯಮದಿಂದ ಹುಡುಗಿಯ ಬದುಕು ಸುಧಾರಿಸುತ್ತದೆಯೇ ಎಂದು ಕೇಳಿದರು.

ಹಾಗಾದರೆ ಶಾಲೆ ಯಾವ ಗುರುತನ್ನೂ ತಡೆಯಬಾರದೇ? ನಾವಿರುವ ತಮಿಳುನಾಡಿನಲ್ಲೇ ಇದಕ್ಕೆ ಕಷ್ಟದ ಉದಾಹರಣೆಯಿದೆ. 2023ರ ಆಗಸ್ಟ್‌ನಲ್ಲಿ ತಿರುನೆಲ್ವೇಲಿ ಜಿಲ್ಲೆಯ ನಾಂಗುನೇರಿಯಲ್ಲಿ ದಲಿತ ವಿದ್ಯಾರ್ಥಿಯ ಮನೆಗೇ ನುಗ್ಗಿ, ಅವನನ್ನೂ ತಂಗಿಯನ್ನೂ ಸಹಪಾಠಿಗಳು ಮಚ್ಚಿನಿಂದ ಕಡಿದರು. ಆಮೇಲೆ ನೇಮಕವಾದ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಸಮಿತಿ, ಜಾತಿ ಸೂಚಿಸುವ ಬಣ್ಣದ ಕೈಪಟ್ಟಿ, ಉಂಗುರ, ಹಣೆಯ ತಿಲಕಗಳನ್ನು ಶಾಲೆಯಲ್ಲಿ ನಿಷೇಧಿಸಬೇಕೆಂದು 2024ರ ಜೂನ್‌ನಲ್ಲಿ ಶಿಫಾರಸು ಮಾಡಿತು. ತಿಲಕದ ಮಾತಿಗೆ ಧರ್ಮದ ಹೆಸರಿನಲ್ಲಿ ವಿರೋಧ ಬಂತು.

ತಿಲಕ ಅತ್ಯಗತ್ಯವೇ ಎಂದು ಶಾಸ್ತ್ರ ತೆಗೆದು ಕೂತರೆ ಇಲ್ಲಿಯೂ ದಾರಿ ತಪ್ಪುತ್ತದೆ. ಬಣ್ಣದ ಪಟ್ಟಿ ಕಟ್ಟಿದ ಕೈ ಇನ್ನೊಬ್ಬ ಹುಡುಗನನ್ನು ಹೆದರಿಸಲು ಬಳಕೆಯಾಗುತ್ತಿದ್ದರೆ ಅದನ್ನು ಬಿಚ್ಚಿಸಲು ಅಷ್ಟೇ ಕಾರಣ ಸಾಕು. ತಿಲಕವೂ ಹಾಗೆ ಬಳಕೆಯಾಗುತ್ತಿದೆ ಎನ್ನುವವರು ಅದನ್ನು ತೋರಿಸಿಕೊಡಬೇಕು. ತಲೆವಸ್ತ್ರ ಹೊದ್ದು ಕೂತ ಹುಡುಗಿ ಪಕ್ಕದವಳಿಗೆ ಯಾವ ತೊಂದರೆಯನ್ನೂ ಕೊಡದಿದ್ದರೆ ಅವಳನ್ನು ಹೊರಗೆ ನಿಲ್ಲಿಸಲು ಕಾರಣ ಹೇಳಬೇಕಾದದ್ದು ಶಾಲೆಯೇ. ರುಜುವಾತಿನ ಹೊರೆ ನಿಯಮ ಮಾಡಿದವರ ಮೇಲಿರಲಿ. 1954ರಲ್ಲಿ ಶೀರೂರು ಸ್ವಾಮಿಗಳಿಗೆ ಸಿಕ್ಕಿದ್ದೂ ಹೆಚ್ಚುಕಡಿಮೆ ಅದೇ ನ್ಯಾಯ. ಹದಿನೇಳು ವರ್ಷದ ವಿದ್ಯಾರ್ಥಿನಿಗೆ ಅದಕ್ಕಿಂತ ಕಡಿಮೆ ಸಿಗಬೇಕಾದ ಕಾರಣ ನನಗೆ ಕಾಣುವುದಿಲ್ಲ.