ಬೀಗಮುದ್ರೆಯ ಗಣಕಯಂತ್ರ: ಅನುಮತಿಯೂ ಹಕ್ಕೂ

ಗಣಕಯಂತ್ರವನ್ನು ಬೆಲೆ ಕೊಟ್ಟು ಕೊಂಡವನು ಅದರ ಒಡೆಯನೆಂಬುದು ಲೋಕರೂಢಿ. ಒಡೆಯನಾದವನು ಅದರಲ್ಲಿ ತನಗೆ ಒಪ್ಪಿದ ಕಾರ್ಯಾಚರಣಾ ವ್ಯವಸ್ಥೆಯನ್ನು, ಎಂದರೆ ಯಂತ್ರದ ಅಂಗಗಳನ್ನೆಲ್ಲ ಅಂಕೆಯಲ್ಲಿಟ್ಟು ನಡೆಸುವ ಮೂಲ ತಂತ್ರಾಂಶವನ್ನು, ಸ್ಥಾಪಿಸಿಕೊಳ್ಳಬಹುದೆಂಬುದೂ ಬಹುಕಾಲ ಹೆಚ್ಚು ಚರ್ಚೆಗೆ ಬಾರದಿದ್ದ ವಿಷಯ. ೧೯೮೧ರಲ್ಲಿ ಐ.ಬಿ.ಎಂ. ಸಂಸ್ಥೆಯವರು ಹೊರತಂದ ಸ್ವಂತ ಬಳಕೆಯ ಗಣಕಯಂತ್ರವು ತನಗೆ ಒಪ್ಪಿಸಿದ ತಂತ್ರಾಂಶವನ್ನು ಬರೆದವರು ಯಾರೆಂದು ವಿಚಾರಿಸುತ್ತಿರಲಿಲ್ಲ. ೧೯೯೧ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್, ಆ ಸಂತತಿಗೆ ಸೇರಿದ ಯಂತ್ರವೊಂದರಲ್ಲಿ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಬರೆದು ಲೋಕಕ್ಕೆ ಹಂಚಲು ಸಾಧ್ಯವಾದುದಕ್ಕೆ ಯಂತ್ರದ ಈ ಉದಾಸೀನ ಸ್ವಭಾವವೂ ಒಂದು ಕಾರಣ.

ಇಪ್ಪತ್ತೊಂದನೆಯ ಶತಮಾನದ ಆರಂಭದಿಂದ ಈ ಸ್ಥಿತಿ ಬದಲಾಗತೊಡಗಿತು. ತಯಾರಕನ ರುಜುವಿಲ್ಲದ ತಂತ್ರಾಂಶವನ್ನು ಯಂತ್ರವೇ ನಿರಾಕರಿಸುವಂತೆ ಬೀಗಮುದ್ರೆ ಹಾಕಿ ಮಾರುವ ಪದ್ಧತಿ ಹಬ್ಬಿತು. ಕೊಂಡವರು ಆ ಬೀಗವನ್ನು ದಾಟಿ ಲಿನಕ್ಸನ್ನು ಸ್ಥಾಪಿಸಲು ಹೊರಟರು. ತಯಾರಕರು ಕೆಲವೆಡೆ ತಡೆದರು, ಕೆಲವೆಡೆ ತಾವಾಗಿಯೇ ಬಾಗಿಲು ತೆರೆದು ಮತ್ತೆ ಮುಚ್ಚಿದರು. ಪ್ರಕೃತ ಲೇಖನದಲ್ಲಿ ನಾವು ಇಂಥ ಮೂರು ನಿದರ್ಶನಗಳನ್ನು ಕಾಲಕ್ರಮದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ನಮ್ಮ ಮುಂದಿರುವ ಪ್ರಶ್ನೆ ಇಷ್ಟೇ: ತಯಾರಕನು ಕೊಟ್ಟ ಅನುಮತಿಯು ಕಾಲಾನುಕ್ರಮದಲ್ಲಿ ಕೊಂಡವನ ಹಕ್ಕಾಗಿ ಪರಿಣಮಿಸಿತೆ?

೧

ಮೊದಲನೆಯ ನಿದರ್ಶನ ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್. ೨೦೦೧ನೆಯ ಇಸವಿ ನವೆಂಬರ್ ೧೫ರಂದು ಅಮೆರಿಕದಲ್ಲಿ ೨೯೯ ಡಾಲರು ಬೆಲೆಗೆ ಇದು ಮಾರಾಟಕ್ಕೆ ಬಂದಿತು. ಹೆಸರಿಗೆ ಇದು ಆಟದ ಯಂತ್ರ. ಒಳಗಿದ್ದುದು ಇಂಟೆಲ್ ಸಂಸ್ಥೆಯ ೭೩೩ ಮೆಗಾಹರ್ಟ್ಸ್ ವೇಗದ ಸಂಸ್ಕಾರಕ, ೬೪ ಮೆಗಾಬೈಟು ಸ್ಮೃತಿ, ಒಂದು ಹಾರ್ಡ್ ಡಿಸ್ಕು. ಎಂದರೆ ಆ ಕಾಲದ ಮನೆಯ ಗಣಕಯಂತ್ರಕ್ಕೂ ಇದಕ್ಕೂ ಸ್ವರೂಪದಲ್ಲಿ ಹೆಚ್ಚಿನ ಭೇದವಿರಲಿಲ್ಲ. ಭೇದವಿದ್ದುದು ಬೀಗದಲ್ಲಿ.

ಈ ಬೀಗದ ಕಾರಣವನ್ನು ವ್ಯಾಪಾರದ ಲೆಕ್ಕದಲ್ಲಿ ಹುಡುಕಬೇಕು. ಯಂತ್ರವನ್ನು ತಯಾರಿಕೆಯ ವೆಚ್ಚಕ್ಕಿಂತ ಕಡಮೆ ಬೆಲೆಗೆ ಮಾರಿ, ಆದ ನಷ್ಟವನ್ನು ಆಟಗಳ ಮಾರಾಟದಿಂದ ತುಂಬಿಕೊಳ್ಳುವುದು ತಯಾರಕರ ಯೋಜನೆ. ಆಟಗಳನ್ನು ಕೊಳ್ಳದೆ ಯಂತ್ರವನ್ನು ಮಾತ್ರ ಕೊಂಡು ಅನ್ಯಕಾರ್ಯಕ್ಕೆ ಬಳಸುವವನಿಂದ ಅವರಿಗೆ ನಷ್ಟವೇ ಉಳಿಯುತ್ತದೆ. ಕಳ್ಳಪ್ರತಿಗಳ ಭಯವೂ ಇದಕ್ಕೆ ಕೂಡಿಕೊಂಡಿತು. ಹೀಗಾಗಿ ಅನ್ಯ ವ್ಯವಸ್ಥೆಯನ್ನು ಬಯಸಿದವನೂ ಆಟಗಳನ್ನು ಕದಿಯಬಯಸಿದವನೂ ಒಂದೇ ಬಾಗಿಲಿನ ಹೊರಗೆ ನಿಲ್ಲಬೇಕಾಯಿತು. ಮುಂದಿನ ಚರಿತ್ರೆಯನ್ನು ಅರಿಯಲು ಈ ಅಂಶವನ್ನು ನೆನಪಿನಲ್ಲಿಡುವುದು ಅವಶ್ಯಕ.

ಬೀಗದ ರಚನೆ ಹೀಗಿತ್ತು. ಯಂತ್ರವನ್ನು ಚಾಲೂ ಮಾಡಿದೊಡನೆ, ಒಂದು ಚಿಪ್ಪಿನೊಳಗೆ ಹುದುಗಿಸಿದ್ದ ಕೇವಲ ೫೧೨ ಬೈಟುಗಳ ಗುಪ್ತ ಕಾರ್ಯಕ್ರಮವು ಮೊದಲು ನಡೆಯುತ್ತಿತ್ತು. ಅದು ತನ್ನಲ್ಲಿದ್ದ ಗುಪ್ತ ಕೀಲಿಯಿಂದ ಮುಂದಿನ ಭಾಗದ ಗೂಢಲಿಪಿಯನ್ನು ಬಿಡಿಸಿ ಅದಕ್ಕೆ ಅಧಿಕಾರ ವಹಿಸುತ್ತಿತ್ತು. ಆ ಭಾಗವು ತನ್ನ ಮುಂದಿನದನ್ನು ಪರೀಕ್ಷಿಸುತ್ತಿತ್ತು. ಸರಪಣಿಯ ಕೊನೆಗೆ, ಸಂಸ್ಥೆಯ ರುಜುವಿದ್ದ ತಂತ್ರಾಂಶಕ್ಕೆ ಮಾತ್ರ ಪ್ರವೇಶ ದೊರೆಯುತ್ತಿತ್ತು. ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಹುವಾಂಗ್, ಎರಡು ಮುಖ್ಯ ಚಿಪ್ಪುಗಳ ನಡುವಣ ತಂತಿಗಳಲ್ಲಿ ಹರಿಯುವ ಸಂಕೇತಗಳನ್ನು ತಾನೇ ರಚಿಸಿದ ಸಾಧನದಿಂದ ಹಿಡಿದು, ಆ ಗುಪ್ತ ಕೀಲಿಯನ್ನು ಹೊರತೆಗೆದನು. ೨೦೦೨ರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿದನು. ಕೀಲಿಯು ಚಿಪ್ಪಿನೊಳಗೆ ಭದ್ರವಾಗಿದ್ದರೂ ದಾರಿಯಲ್ಲಿ ಬಯಲಾಗಿಯೇ ನಡೆಯುತ್ತಿದ್ದಿತು.

ಅದೇ ವರ್ಷ, ಎಕ್ಸ್‌ಬಾಕ್ಸಿನಲ್ಲಿ ಲಿನಕ್ಸನ್ನು ನಡೆಸುವವರಿಗೆ ಎರಡು ಲಕ್ಷ ಡಾಲರು ಬಹುಮಾನವು ಘೋಷಿತವಾಯಿತು. ಮೊದಲು ಹೆಸರು ಮರೆಸಿಕೊಂಡಿದ್ದ ದಾನಿಯು ಲಿಂಡೋಸ್ ಸಂಸ್ಥೆಯ ಮೈಕೆಲ್ ರಾಬರ್ಟ್‌ಸನ್ ಎಂದು ಅನಂತರ ತಿಳಿದುಬಂದಿತು. ಯಂತ್ರವನ್ನು ಬಿಚ್ಚಿ ಚಿಪ್ಪು ಜೋಡಿಸಿ ಲಿನಕ್ಸನ್ನು ನಡೆಸುವುದು ಬೇಗನೆ ಕೈಗೂಡಿತು. ಬಿಚ್ಚದೆಯೇ ನಡೆಸುವ ಉಪಾಯವು ೨೦೦೩ರಲ್ಲಿ ಸಿಕ್ಕಿತು. ಆಟವನ್ನು ಅರ್ಧಕ್ಕೆ ನಿಲ್ಲಿಸಿದಾಗ ಅದರ ಸ್ಥಿತಿಯನ್ನು ಯಂತ್ರವು ಒಂದು ಕಡತವಾಗಿ ಉಳಿಸಿಕೊಳ್ಳುತ್ತದೆ. ರುಜುವಿದ್ದ ಕೆಲವು ಆಟಗಳು ಈ ಕಡತವನ್ನು ಮತ್ತೆ ಓದುವಾಗ, ಅದರಲ್ಲಿನ ಬರೆಹದ ಉದ್ದವನ್ನು ಅಳೆಯುತ್ತಿರಲಿಲ್ಲ. ಗೊತ್ತಾದ ಅಳತೆಗಿಂತ ಉದ್ದವಾದ ಬರೆಹವನ್ನು ಅದರಲ್ಲಿ ಇಟ್ಟರೆ, ಹೆಚ್ಚಿದ ಭಾಗವು ಸ್ಮೃತಿಯಲ್ಲಿ ಪಕ್ಕದ ಸ್ಥಳವನ್ನು ಆಕ್ರಮಿಸಿ ಆಜ್ಞೆಯಂತೆ ನಡೆಯುತ್ತಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ರುಜು ಹಾಕಲು ಸಂಸ್ಥೆಯು ಬಳಸುತ್ತಿದ್ದ ೨೦೪೮ ಬಿಟ್ಟುಗಳ ಖಾಸಗಿ ಕೀಲಿಯು ಯಾರ ಕೈಗೂ ಸಿಕ್ಕಲಿಲ್ಲ. ಮುಂಬಾಗಿಲು ಗಟ್ಟಿಯಾಗಿಯೇ ಉಳಿಯಿತು. ಜನ ಕಿಟಕಿಯಿಂದ ಒಳಹೊಕ್ಕರು.

೨

ಎರಡನೆಯ ನಿದರ್ಶನವಾದ ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ೩ ಇದಕ್ಕೆ ವಿರುದ್ಧವಾದ ನೀತಿಯಿಂದ ಆರಂಭವಾಯಿತು. ೨೦೦೬ರ ನವೆಂಬರಿನಲ್ಲಿ ಮಾರಾಟಕ್ಕೆ ಬಂದ ಈ ಯಂತ್ರದ ಪಟ್ಟಿಯಲ್ಲಿಯೇ 'ಅನ್ಯ ಕಾರ್ಯಾಚರಣಾ ವ್ಯವಸ್ಥೆಯನ್ನು ಸ್ಥಾಪಿಸು' ಎಂಬ ಅರ್ಥದ ಆಯ್ಕೆಯೊಂದಿತ್ತು. ಕೊಂಡವನು ಹಾರ್ಡ್ ಡಿಸ್ಕಿನಲ್ಲಿ ಒಂದು ಭಾಗವನ್ನು ಬೇರ್ಪಡಿಸಿ ಲಿನಕ್ಸನ್ನು ನ್ಯಾಯವಾಗಿಯೇ ಇರಿಸಿಕೊಳ್ಳಬಹುದಾಗಿತ್ತು. ಆದರೆ ಈ ಅತಿಥಿಯನ್ನು ಹಜಾರದಲ್ಲಿ ಮಾತ್ರ ಕುಳ್ಳಿರಿಸಲಾಗಿತ್ತು. ಹೈಪರ್‌ವೈಸರ್ ಎಂಬ ಮೇಲ್ವಿಚಾರಕ ತಂತ್ರಾಂಶವು ಲಿನಕ್ಸಿನ ತಲೆಯ ಮೇಲೆ ಕುಳಿತು, ಚಿತ್ರರಚನೆಯ ಚಿಪ್ಪಿನ ಪೂರ್ಣ ಶಕ್ತಿಯನ್ನು ಅದಕ್ಕೆ ಬಿಟ್ಟುಕೊಡದೆ ಕಾಯುತ್ತಿತ್ತು.

ಇಷ್ಟು ಮಿತಿಯೊಳಗೂ ಈ ಅನುಮತಿಯಿಂದ ಆದ ಪ್ರಯೋಜನ ಸಾಮಾನ್ಯವಾದುದಲ್ಲ. ಸೋನಿ, ತೋಷಿಬಾ, ಐ.ಬಿ.ಎಂ. ಸಂಸ್ಥೆಗಳು ಕೂಡಿ ನಿರ್ಮಿಸಿದ ಸೆಲ್ ಸಂಸ್ಕಾರಕವು ಲೆಕ್ಕಾಚಾರದಲ್ಲಿ ಬಹು ಸಮರ್ಥವಾದುದು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಡಾರ್ಟ್‌ಮತ್ ಶಾಖೆಯ ಭೌತವಿಜ್ಞಾನಿ ಗೌರವ್ ಖನ್ನಾ ಅವರು ೨೦೦೭ರಲ್ಲಿ ಇಂಥ ಎಂಟು ಯಂತ್ರಗಳನ್ನು ಜೋಡಿಸಿ ಕಪ್ಪುರಂಧ್ರಗಳ ಕುರಿತ ಗಣನೆಗಳನ್ನು ನಡೆಸಿದರು. ಅಮೆರಿಕದ ವಾಯುಪಡೆಯ ಸಂಶೋಧನಾಲಯವು ನ್ಯೂಯಾರ್ಕ್ ಸಂಸ್ಥಾನದ ರೋಮ್ ಪಟ್ಟಣದಲ್ಲಿ ಸುಮಾರು ೧,೭೦೦ ಯಂತ್ರಗಳನ್ನು ಕೂಡಿಸಿ ೨೦೧೦ರಲ್ಲಿ ಕಾಂಡೋರ್ ಎಂಬ ಮಹಾಗಣಕವನ್ನು ಸಿದ್ಧಪಡಿಸಿತು. ಇವರೆಲ್ಲರೂ ತಯಾರಕರ ಮಾತನ್ನು ನಂಬಿ ಯಂತ್ರಗಳನ್ನು ಕೊಂಡವರೆಂಬುದನ್ನು ಮರೆಯಲಾಗದು.

೨೦೦೯ರ ಸೆಪ್ಟೆಂಬರಿನಲ್ಲಿ ಹೊರಬಂದ ಯಂತ್ರದ ತೆಳುವಾದ ಹೊಸ ಆವೃತ್ತಿಯಲ್ಲಿ ಈ ಆಯ್ಕೆ ಇರಲಿಲ್ಲ. ೨೦೧೦ರ ಜನವರಿಯಲ್ಲಿ ಜಾರ್ಜ್ ಹಾಟ್ಜ್ ಎಂಬ ತರುಣನು, ಲಿನಕ್ಸನ್ನು ನಡೆಸುತ್ತಿರುವಾಗಲೇ ಯಂತ್ರದ ಸ್ಮೃತಿಮಾರ್ಗಕ್ಕೆ ಕ್ಷಣಿಕವಾದ ವಿದ್ಯುತ್ ತಾಡನವನ್ನು ಕೊಟ್ಟು ಮೇಲ್ವಿಚಾರಕನನ್ನು ತಪ್ಪುದಾರಿಗೆ ಎಳೆದುದಾಗಿ ಪ್ರಕಟಿಸಿದನು. ಸೋನಿ ಸಂಸ್ಥೆಯವರು ಭದ್ರತೆಯ ಕಾರಣವನ್ನು ಮುಂದಿಟ್ಟು, ಅದೇ ವರ್ಷ ಏಪ್ರಿಲ್ ೧ರಂದು ೩.೨೧ ಸಂಖ್ಯೆಯ ಪರಿಷ್ಕರಣದ ಮೂಲಕ, ಆಗಲೇ ಮಾರಾಟವಾಗಿದ್ದ ಯಂತ್ರಗಳಿಂದಲೂ ಈ ಆಯ್ಕೆಯನ್ನು ತೆಗೆದುಹಾಕಿದರು. ಪರಿಷ್ಕರಣವನ್ನು ಒಲ್ಲೆನೆಂದವನಿಗೆ ಲಿನಕ್ಸ್ ಉಳಿಯುತ್ತಿತ್ತು. ಜಾಲದ ಆಟಗಳೂ ಮುಂದೆ ಬರುವ ಹೊಸ ಆಟಗಳೂ ಕೈತಪ್ಪುತ್ತಿದ್ದುವು. ಕೊಳ್ಳುವಾಗ ಎರಡನ್ನೂ ಕೊಂಡಿದ್ದವನು ಈಗ ಒಂದನ್ನು ಆರಿಸಿಕೊಳ್ಳಬೇಕಾಯಿತು.

ಇದರ ಫಲವು ಒಂಬತ್ತು ತಿಂಗಳಲ್ಲಿಯೇ ಕಾಣಿಸಿತು. ೨೦೧೦ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ನಡೆದ ಕೇಯಾಸ್ ಸಮ್ಮೇಲನದಲ್ಲಿ ಫೇಲ್‌ಓವರ್‌ಫ್ಲೋ ಎಂಬ ತಂಡವು ಸೋನಿ ಸಂಸ್ಥೆಯ ರುಜುವಿನ ದೋಷವನ್ನು ಬಯಲಿಗಿಟ್ಟಿತು. ರುಜು ಹಾಕುವ ಆ ಗಣಿತವಿಧಾನದಲ್ಲಿ ಪ್ರತಿ ಸಲವೂ ಹೊಸದಾದ ಯಾದೃಚ್ಛಿಕ ಸಂಖ್ಯೆಯನ್ನು ಬಳಸಬೇಕು. ಸಂಸ್ಥೆಯು ಒಂದೇ ಸಂಖ್ಯೆಯನ್ನು ಮತ್ತೆ ಮತ್ತೆ ಬಳಸಿದ್ದಿತು. ಎರಡು ರುಜುಗಳಿಂದ ಎರಡು ಸಮೀಕರಣಗಳು ದೊರೆಯುತ್ತವೆ. ಅವ್ಯಕ್ತಗಳೂ ಎರಡೇ ಆದುದರಿಂದ ಖಾಸಗಿ ಕೀಲಿಯನ್ನು ಬೀಜಗಣಿತದಿಂದಲೇ ಬಿಡಿಸಬಹುದು. ಎಕ್ಸ್‌ಬಾಕ್ಸಿನಲ್ಲಿ ಭದ್ರವಾಗಿದ್ದ ಮುಂಬಾಗಿಲು ಇಲ್ಲಿ ಪೂರ್ತಿಯಾಗಿ ತೆರೆಯಿತು. ಲಿನಕ್ಸನ್ನು ಮರಳಿ ನಡೆಸುವುದೇ ತಮ್ಮ ಉದ್ದೇಶವೆಂದು ಆ ತಂಡದವರು ಹೇಳಿಕೊಂಡರು.

ಬಾಗಿಲನ್ನು ಮುಚ್ಚಿದುದರಿಂದಲೇ ಗೋಡೆ ಬಿದ್ದಿತೆಂದು ಹೇಳಬಹುದೆ? ಹಿಂದಿನದೇ ಮುಂದಿನದಕ್ಕೆ ಕಾರಣವೆಂದು ಭಾವಿಸುವ ದೋಷಕ್ಕೆ ಇತಿಹಾಸಕಾರನು ಒಳಗಾಗಬಾರದು. ಹಾಟ್ಜನು ಹೊಕ್ಕದ್ದು ತೆರೆದ ಬಾಗಿಲಿನಿಂದಲೇ ಆದಕಾರಣ ಸಂಸ್ಥೆಯ ಸಂಶಯವೂ ನಿರಾಧಾರವಾದುದಲ್ಲ. ಆದರೂ ಮೂರು ವರ್ಷಗಳಿಗೂ ಮೀರಿ ಉಳಿದಿದ್ದ ಕೋಟೆ, ಅನುಮತಿ ಹೋದ ವರ್ಷದೊಳಗೆ ಕುಸಿಯಿತು. ಹಿಂದೆ ಲಿನಕ್ಸಿನಿಂದ ತೃಪ್ತರಾಗಿದ್ದ ಸಮರ್ಥರು ಆಮೇಲೆ ಬೀಗದ ಕಡೆಗೆ ತಿರುಗಿದರೆಂಬುದಕ್ಕೆ ಅವರ ಮಾತೇ ಸಾಕ್ಷಿ.

೩

ಇನ್ನು ಕಾನೂನಿನ ನಿಲುವನ್ನು ನೋಡಬೇಕು. ಅಮೆರಿಕದಲ್ಲಿ ೧೯೯೮ರಲ್ಲಿ ಬಂದ ಡಿಜಿಟಲ್ ಕೃತಿಸ್ವಾಮ್ಯದ ಶಾಸನವು, ಕೃತಿಗಳ ರಕ್ಷಣೆಗೆಂದು ಹಾಕಿದ ತಾಂತ್ರಿಕ ಬೀಗವನ್ನು ಮುರಿಯುವುದನ್ನೇ ಅಪರಾಧವಾಗಿ ಎಣಿಸಿತು. ಹುವಾಂಗನ ಪುಸ್ತಕವನ್ನು ಅಚ್ಚುಹಾಕಲು ಮೊದಲು ಒಪ್ಪಿದ್ದ ಪ್ರಕಾಶಕರು ಇದರ ಭಯದಿಂದಲೇ ಹಿಂದೆಗೆದರು. ಈ ಶಾಸನಕ್ಕೆ ಮೂರು ವರ್ಷಗಳಿಗೊಮ್ಮೆ ವಿನಾಯಿತಿಗಳನ್ನು ಗೊತ್ತುಮಾಡುವ ಏರ್ಪಾಟಿದೆ. ೨೦೧೦ರಲ್ಲಿ ಕೈಫೋನುಗಳ ಬೀಗವನ್ನು ಬಿಡಿಸಿಕೊಳ್ಳಲು ವಿನಾಯಿತಿ ದೊರೆಯಿತು. ೨೦೧೨ರಲ್ಲಿ ಆಟದ ಯಂತ್ರಗಳಿಗೆ ಅದನ್ನೇ ಕೇಳಿದಾಗ ನಿರಾಕರಣವೇ ಉತ್ತರವಾಯಿತು. ಒಂದೇ ಕ್ರಿಯೆ ಒಂದು ಯಂತ್ರದಲ್ಲಿ ನ್ಯಾಯ, ಮತ್ತೊಂದರಲ್ಲಿ ಅನ್ಯಾಯ.

ಹಾಟ್ಜನು ೨೦೧೧ರ ಜನವರಿಯಲ್ಲಿ ಪ್ಲೇಸ್ಟೇಷನ್ನಿನ ಮೂಲಕೀಲಿಯನ್ನು ಪ್ರಕಟಿಸಿದಾಗ ಸೋನಿ ಸಂಸ್ಥೆಯು ಅವನ ಮೇಲೆ ದಾವೆ ಹೂಡಿತು. ಏಪ್ರಿಲಿನಲ್ಲಿ ಅದು ರಾಜಿಯಾಯಿತು. ಅತ್ತ ಲಿನಕ್ಸನ್ನು ಕಳೆದುಕೊಂಡ ಗ್ರಾಹಕರು ೨೦೧೦ರಲ್ಲಿಯೇ ಕ್ಯಾಲಿಫೋರ್ನಿಯದ ನ್ಯಾಯಾಲಯದಲ್ಲಿ ಸಾಮೂಹಿಕವಾಗಿ ದಾವೆ ಹೂಡಿದ್ದರು. ಒಮ್ಮೆ ವಜಾ ಆಗಿ, ಮೇಲಿನ ನ್ಯಾಯಾಲಯದಲ್ಲಿ ಪುನರುಜ್ಜೀವನ ಹೊಂದಿ, ಹಲವು ವರ್ಷಗಳ ತರುವಾಯ ಅದು ಮೂವತ್ತೇಳೂವರೆ ಲಕ್ಷ ಡಾಲರುಗಳ ಪರಿಹಾರನಿಧಿಯ ರಾಜಿಯಲ್ಲಿ ಮುಗಿಯಿತು. ಗ್ರಾಹಕರಿಗೆ ಹಣ ದೊರೆಯಿತು, ಬಾಗಿಲು ಮರಳಿ ದೊರೆಯಲಿಲ್ಲ. ಕೊಂಡವನಿಗೆ ಅನ್ಯ ವ್ಯವಸ್ಥೆಯ ಹಕ್ಕಿದೆಯೆ ಎಂಬ ಮೂಲಪ್ರಶ್ನೆಗೆ ರಾಜಿಯಿಂದ ಉತ್ತರ ಬರುವಂತಿರಲಿಲ್ಲ.

೪

ಇಲ್ಲಿಯವರೆಗಿನ ಕಥೆ ಆಟದ ಯಂತ್ರಗಳದು. ಮೂರನೆಯ ನಿದರ್ಶನದಲ್ಲಿ ಬೀಗವು ಮೇಜಿನ ಮೇಲಣ ಸಾಮಾನ್ಯ ಗಣಕಯಂತ್ರಕ್ಕೇ ಬಂದಿತು. ಯಂತ್ರವು ಏಳುವ ಹೊತ್ತಿನಲ್ಲಿಯೇ ಒಳಸೇರುವ ದುಷ್ಟ ತಂತ್ರಾಂಶಗಳನ್ನು ತಡೆಯಲು ಸೆಕ್ಯೂರ್ ಬೂಟ್ ಎಂಬ ಏರ್ಪಾಟು ರೂಪುಗೊಂಡಿತು. ಈ ಉದ್ದೇಶ ಪ್ರಾಮಾಣಿಕವಾದುದೆಂದು ಒಪ್ಪಬೇಕು. ೨೦೧೨ರ ಅಕ್ಟೋಬರಿನಲ್ಲಿ ವಿಂಡೋಸ್ ೮ ಬಂದಾಗ, ಅದರ ಮುದ್ರೆಯನ್ನು ಬಯಸುವ ಹೊಸ ಯಂತ್ರಗಳಲ್ಲಿ ಇದನ್ನು ಜಾರಿಯಲ್ಲಿಡುವುದು ಮೈಕ್ರೋಸಾಫ್ಟಿನ ನಿಬಂಧನೆಯಾಯಿತು. ಯಂತ್ರಗಳೊಳಗೆ ನೆಲೆಸಿದ್ದು ಮುಖ್ಯವಾಗಿ ಆ ಸಂಸ್ಥೆಯದೇ ಕೀಲಿಗಳು. ಇಂಟೆಲ್ ಸಂತತಿಯ ಯಂತ್ರಗಳಲ್ಲಿ ಒಡೆಯನು ಈ ಬೀಗವನ್ನು ತೆಗೆಯಲು ಅವಕಾಶವಿರಲೇಬೇಕೆಂದೂ, ಆರ್ಮ್ ಸಂಸ್ಕಾರಕವುಳ್ಳವುಗಳಲ್ಲಿ ಇರಕೂಡದೆಂದೂ ಅದೇ ನಿಬಂಧನೆಯು ವಿಧಿಸಿತು.

ಲಿನಕ್ಸಿನವರು ಈ ಸಲ ಗೋಡೆಯನ್ನು ಒಡೆಯಲಿಲ್ಲ. ಮ್ಯಾಥ್ಯೂ ಗ್ಯಾರೆಟ್ ಮೊದಲಾದವರು ಶಿಮ್ ಎಂಬ ಚಿಕ್ಕ ಕಾರ್ಯಕ್ರಮವೊಂದನ್ನು ರಚಿಸಿ ಮೈಕ್ರೋಸಾಫ್ಟಿನಿಂದಲೇ ಅದಕ್ಕೆ ರುಜು ಪಡೆದರು. ಯಂತ್ರವು ಶಿಮ್ಮನ್ನು ನಂಬುತ್ತದೆ. ಶಿಮ್ಮು ತಾನು ಬಲ್ಲ ಲಿನಕ್ಸನ್ನು ನಂಬುತ್ತದೆ. ೨೦೧೩ರ ಜನವರಿಯಲ್ಲಿ ಪ್ರಕಟವಾದ ಫೆಡೋರಾ ೧೮ ಈ ಮಾರ್ಗದಿಂದಲೇ ನಡೆಯಿತು. ಇದಕ್ಕಿಂತ ಮಹತ್ತ್ವದ್ದು ಇದರೊಡನೆ ಬಂದ 'ಯಂತ್ರದೊಡೆಯನ ಕೀಲಿ' ಎಂಬ ಏರ್ಪಾಟು. ಇದರಿಂದ ಯಂತ್ರದ ಮುಂದೆ ಸ್ವತಃ ಕುಳಿತಿರುವವನು ತನ್ನದೇ ಕೀಲಿಯನ್ನು ಅದರಲ್ಲಿ ನಮೂದಿಸಿ, ತಾನು ರುಜು ಹಾಕಿದ ವ್ಯವಸ್ಥೆಯನ್ನು ನಡೆಸಬಹುದು. ಬೀಗವೂ ಉಳಿಯಿತು, ಒಡೆತನವೂ ಉಳಿಯಿತು. ರಕ್ಷಣೆಗೂ ಸ್ವಾತಂತ್ರ್ಯಕ್ಕೂ ಸಹಜವೈರವಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಆದರೂ ಈ ಕಟ್ಟಡದ ತಳಪಾಯ ಅನ್ಯರ ನೆಲದಲ್ಲಿದೆ. ೨೦೧೫ರಲ್ಲಿ ವಿಂಡೋಸ್ ೧೦ರ ನಿಬಂಧನೆಗಳು ಹೊರಬಿದ್ದಾಗ, ಬೀಗ ತೆಗೆಯುವ ಅವಕಾಶವನ್ನು ಒದಗಿಸುವುದು ಮೇಜಿನ ಯಂತ್ರಗಳ ತಯಾರಕರಿಗೆ ಕಡ್ಡಾಯವಾಗಿ ಉಳಿಯದೆ ಅವರ ಇಚ್ಛೆಗೆ ಬಿಟ್ಟ ವಿಷಯವಾಯಿತು. ಬಹುಮಟ್ಟಿನ ತಯಾರಕರು ಆ ಅವಕಾಶವನ್ನು ಉಳಿಸಿಯೇ ಇದ್ದಾರೆ. ಆದರೆ 'ಇರಲೇಬೇಕು' ಎಂಬುದಕ್ಕೂ 'ಇದ್ದರಿರಲಿ' ಎಂಬುದಕ್ಕೂ ಇರುವ ಅಂತರವು ಪ್ಲೇಸ್ಟೇಷನ್ನಿನ ಚರಿತ್ರೆಯನ್ನು ಬಲ್ಲವರಿಗೆ ಅಲ್ಪವೆಂದು ತೋರಲಾರದು.

೫

ಮೇಲ್ಕಂಡ ಮೂರು ನಿದರ್ಶನಗಳಿಂದ ನಾವು ತಲಪುವ ನಿರ್ಣಯ ಹೀಗಿದೆ. ತಯಾರಕನ ಅನುಮತಿಯು, ಅದು ಎಷ್ಟು ಉದಾರವಾಗಿದ್ದರೂ ಎಷ್ಟು ಕಾಲ ನಡೆದುಬಂದರೂ, ತಾನಾಗಿ ಹಕ್ಕಾಗಿ ಮಾರ್ಪಡಲಿಲ್ಲ. ಬೀಗವನ್ನು ಮುರಿದವರ ಜಯವೂ ಒಂದೊಂದು ಯಂತ್ರಕ್ಕೆ ಸೀಮಿತವಾದ ಜಯ. ಮುಂದಿನ ಯಂತ್ರಕ್ಕೆ ಮುಂದಿನ ಬೀಗ ಬಂದಿತು. ಕೀಲಿಯೊಂದನ್ನು ಒಡೆಯನೇ ಇರಿಸಿಕೊಳ್ಳಲು ಎಲ್ಲಿ ಸ್ಥಳವಾಯಿತೋ ಅಲ್ಲಿ ಮಾತ್ರ ಒಡೆತನಕ್ಕೆ ಅರ್ಥ ಉಳಿಯಿತು.

ಈ ವಿಚಾರ ನಮ್ಮ ಕಾಲೇಜುಗಳಿಗೆ ದೂರದ್ದೇನೂ ಅಲ್ಲ. ವಿಂಡೋಸ್ ೧೦ಕ್ಕೆ ಅದರ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ವಿಂಡೋಸ್ ೧೧ ಅಪೇಕ್ಷಿಸುವ ಭದ್ರತಾ ಚಿಪ್ಪು ಇಲ್ಲದ ಹಳೆಯ ಯಂತ್ರಗಳು ಪ್ರಯೋಗಶಾಲೆಗಳಲ್ಲಿದ್ದರೆ, ಅವುಗಳಿಗೆ ಲಿನಕ್ಸನ್ನು ಹಾಕಿ ಇನ್ನೂ ಕೆಲವು ವರ್ಷ ದುಡಿಸಿಕೊಳ್ಳಬಹುದು. ಹಾಗೆ ಮಾಡಲು ಸಾಧ್ಯವಾಗುವುದು ಆ ಯಂತ್ರಗಳ ಬಾಗಿಲು ಒಡೆಯನ ಕೈಗೆ ತೆರೆಯುವುದರಿಂದ. ಹೊಸ ಯಂತ್ರಗಳಿಗೆ ಬೇಡಿಕೆಪಟ್ಟಿ ಬರೆಯುವಾಗ ವೇಗವನ್ನೂ ಸ್ಮೃತಿಯನ್ನೂ ಬೆಲೆಯನ್ನೂ ವಿಚಾರಿಸುವ ನಾವು, ಇದರ ಕೀಲಿ ಯಾರ ಬಳಿ ಇರುತ್ತದೆಂದು ಇನ್ನೊಂದು ಸಾಲು ಸೇರಿಸಿ ಕೇಳುವುದು ಒಳ್ಳೆಯದು. ಹತ್ತು ವರ್ಷಗಳ ಮೇಲೆ ಆ ಯಂತ್ರದ ಮುಂದೆ ಕುಳಿತುಕೊಳ್ಳುವ ವಿದ್ಯಾರ್ಥಿಗೆ ಆ ಸಾಲಿನ ಬೆಲೆ ಗೊತ್ತಾಗುತ್ತದೆ.