ನೀರಿನ ಹದ: ಜಲವರ್ಣದ ವಾಶ್ ಬೆಳೆದು ಬಂದ ಬಗೆ

ಜಲವರ್ಣ ಕಲಿಯುವ ಹವ್ಯಾಸಿ ಮರ, ಮನೆ, ಬೆಟ್ಟಗಳಿಗೆ ಕೈಹಾಕುವ ಮೊದಲು ಫ್ಲಾಟ್ ವಾಶ್ ಪಳಗಿಸಿಕೊಳ್ಳಬೇಕು. ಬೋರ್ಡನ್ನು ತುಸು ಓರೆಯಾಗಿಟ್ಟು, ಕುಂಚದ ತುಂಬ ಬಣ್ಣದ ನೀರು ಹೀರಿಸಿ ಅಡ್ಡಕ್ಕೆ ಎಳೆದರೆ ಕೆಳ ಅಂಚಿನಲ್ಲಿ ನೀರು ತುಂಬಿ ನಿಲ್ಲುತ್ತದೆ. ಮುಂದಿನ ಎಳೆತ ಆ ನೀರನ್ನು ಕೆಳಗೆ ಕರೆದೊಯ್ಯಬೇಕು. ಪ್ರತಿ ಎಳೆತಕ್ಕೂ ನೀರು ಹೆಚ್ಚಿಸುತ್ತ ಹೋದರೆ ಗ್ರೇಡೆಡ್ ವಾಶ್. ಮೊದಲೇ ತೊಯ್ಸಿದ ಹಾಳೆಗೆ ಬಣ್ಣ ಬಿಟ್ಟರೆ ವೆಟ್-ಆನ್-ವೆಟ್. ಈ ಮೂರೂ ಇಂದಿನ ರೂಪಕ್ಕೆ ಬರಲು ಕಲಾವಿದರ ಕೈಚಳಕದಷ್ಟೇ ಕಾಗದ ಮಾಡುವವರ, ಬಣ್ಣ ಅರೆಯುವವರ ದುಡಿಮೆಯೂ ಬೇಕಾಯಿತು.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ವಾಶ್ ರೇಖಾಚಿತ್ರದ ಅಡಿಯಾಳಾಗಿತ್ತು. ಪಾಲ್ ಸ್ಯಾಂಡ್‌ಬಿಯ ಕಾಲದ ಸ್ಥಳಚಿತ್ರಕಾರರು ಶಾಯಿಯಲ್ಲಿ ಗೆರೆ ಬರೆದು, ಬೂದು ಬಣ್ಣದಲ್ಲಿ ನೆರಳು ಹಾಕಿ, ಕೊನೆಗೆ ತೆಳುಬಣ್ಣ ಸವರುತ್ತಿದ್ದರು. ಅಷ್ಟರಲ್ಲಿ ಕೆಂಟ್ ಪ್ರಾಂತದ ಜೇಮ್ಸ್ ವಾಟ್ಮನ್ 1750ರ ದಶಕದಲ್ಲಿ ತಂತಿಯಚ್ಚಿನ ಗೆರೆಗಳಿಲ್ಲದ ನುಣುಪು ಕಾಗದ ತಯಾರಿಸಿದ. ಇಂಥ ಕಾಗದಕ್ಕೆ ಜೆಲಟಿನ್ ಲೇಪ ಗಟ್ಟಿಯಾಗಿ ಕೂತಾಗ ಬಣ್ಣದ ನೀರು ಒಡನೆ ಇಂಗದೆ ಮೇಲೆಯೇ ಹರಿದಾಡಿತು. ಬಣ್ಣವನ್ನು ತಾವೇ ಅರೆದು ಗೋಂದಿನಲ್ಲಿ ಕಲಸುವ ಕಷ್ಟವನ್ನು ರೀವ್ಸ್ ಸೋದರರ ಬಿಲ್ಲೆಬಣ್ಣಗಳು ಹಗುರ ಮಾಡಿದವು. ಅದಕ್ಕಾಗಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ 1781ರಲ್ಲಿ ಅವರನ್ನು ಪುರಸ್ಕರಿಸಿತು.

ಗೆರೆಯ ಹಿಡಿತದಿಂದ ವಾಶ್ ಬಿಡಿಸಿಕೊಂಡದ್ದು ಮುಂದಿನ ಪೀಳಿಗೆಯಲ್ಲಿ. ಕೇವಲ 27 ವರ್ಷ ಬಾಳಿದ ಥಾಮಸ್ ಗರ್ಟಿನ್ 1800ರಲ್ಲಿ ಬರೆದ ‘ದಿ ವೈಟ್ ಹೌಸ್ ಅಟ್ ಚೆಲ್ಸಿ’ಯಲ್ಲಿ ಸಂಜೆಯ ನದಿಯೂ ಆಕಾಶವೂ ಅಗಲವಾದ ವಾಶ್‌ಗಳಲ್ಲೇ ಮೈದಳೆದಿವೆ, ನಡುವೆ ಹೊಳೆಯುವ ಬಿಳಿಮನೆ, ಬಣ್ಣ ತಾಗಿಸದೆ ಉಳಿಸಿದ ಕಾಗದ. ಜಾನ್ ಸೆಲ್ ಕಾಟ್ಮನ್ ಸಪಾಟಾದ ವಾಶ್‌ಗಳನ್ನು ಒಂದರ ಪಕ್ಕ ಒಂದಿಟ್ಟು ಸೇತುವೆ, ಬಂಡೆಗಳನ್ನು ಕಟ್ಟಿದ. 1842ರ ‘ದಿ ಬ್ಲೂ ರಿಗಿ’ಯಲ್ಲಿ ಟರ್ನರ್ ತೆಳು ನೀಲಿಗಳನ್ನು ಪದರ ಪದರವಾಗಿ ಹಾಸಿ, ಬೇಕಾದೆಡೆ ಕೆರೆದು ಬೆಳಕನ್ನು ಹೊರತೆಗೆದ.

ಹವ್ಯಾಸಿಗಳ ಕೈಗೆ ಈ ವಿದ್ಯೆ ಸಲೀಸಾಗಿ ದಕ್ಕಿದ್ದು ಬಣ್ಣದ ಪೆಟ್ಟಿಗೆ ಸುಧಾರಿಸಿದ ಮೇಲೆ. 1832ರಲ್ಲಿ ಆರಂಭವಾದ ವಿನ್ಸರ್ ಅಂಡ್ ನ್ಯೂಟನ್ ಗ್ಲಿಸರಿನ್ ಬೆರೆಸಿದ ಮೆತ್ತನೆಯ ಬಣ್ಣಗಳನ್ನೂ 1846ರಲ್ಲಿ ಜಲವರ್ಣದ ಟ್ಯೂಬುಗಳನ್ನೂ ಮಾರುಕಟ್ಟೆಗೆ ತಂದಿತು. 1857ರ ‘ದಿ ಎಲಿಮೆಂಟ್ಸ್ ಆಫ್ ಡ್ರಾಯಿಂಗ್’ ಪುಸ್ತಕವನ್ನು ಜಾನ್ ರಸ್ಕಿನ್ ಬರೆದದ್ದೇ ಹೊಸಬರಿಗಾಗಿ. ಚೌಕದೊಳಗೆ ಸಮನಾಗಿ ಬಣ್ಣ ತುಂಬುವ ಅಭ್ಯಾಸ ಅದರಲ್ಲಿದೆ.

ಭಾರತದಲ್ಲಿ ವಾಶ್ ಬೇರೆಯೇ ದಾರಿ ಹಿಡಿಯಿತು. 1903ರಲ್ಲಿ ಜಪಾನಿನ ಯೊಕೊಯಾಮಾ ತೈಕಾನ್, ಹಿಶಿದಾ ಶುನ್ಸೋ ಕೋಲ್ಕತ್ತಕ್ಕೆ ಬಂದರು. ಅವರ ಕೆಲಸ ಕಂಡ ಅವನೀಂದ್ರನಾಥ ಠಾಕೂರರು ಬರೆದ ಚಿತ್ರವನ್ನೇ ನೀರಿನಲ್ಲಿ ಅದ್ದಿ, ಮತ್ತೆ ಬಣ್ಣ ಕೊಟ್ಟು, ಮತ್ತೆ ತೊಳೆಯುವ ಕ್ರಮ ರೂಢಿಸಿಕೊಂಡರು. 1905ರ ‘ಭಾರತ ಮಾತಾ’ದ ಮಬ್ಬುಬೆಳಕು ಆ ಕ್ರಮದ ಫಲ. ಮೈಸೂರಿನಿಂದ ಹೋಗಿ ಅವನೀಂದ್ರರ ಶಿಷ್ಯರಾದ ಕೆ. ವೆಂಕಟಪ್ಪನವರು (1886–1965) ಮುಂದೆ ಊಟಿ, ಕೊಡೈಕೆನಾಲ್‌ಗಳ ನಿಸರ್ಗಕ್ಕೆ ಎದುರಾಗಿ ಕೂತರು. ಬೆಟ್ಟಸಾಲು, ಮಂಜು, ತಿಳಿಯಾದ ಬೆಳಕನ್ನು ಹಿಡಿದ ಆ ಪಾರದರ್ಶಕ ಜಲವರ್ಣಗಳು ಕನ್ನಡ ನಾಡಿನ ಹವ್ಯಾಸಿಗಳಿಗೆ ಅಮೂಲ್ಯ ಪಾಠ. ಅವರ ಕೃತಿಗಳ ದೊಡ್ಡ ಸಂಗ್ರಹ ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯದು.

ಇಂದು 300 ಜಿಎಸ್‌ಎಂ ತೂಕದ ಹತ್ತಿಯ ಕಾಗದ ಹವ್ಯಾಸಿಗೂ ಸಿಗುತ್ತದೆ. ತೆಳುಹಾಳೆಯಂತೆ ಅದು ಸುಲಭಕ್ಕೆ ಸುಕ್ಕಾಗುವುದಿಲ್ಲ. ಆದರೆ ಹದ ತಪ್ಪಿದರೆ ಒಳ್ಳೆಯ ಕಾಗದವೂ ಕಾಪಾಡದು. ಅರೆ ಒಣಗಿದ ವಾಶ್‌ಗೆ ನೀರು ಹೆಚ್ಚಿರುವ ಕುಂಚ ತಾಗಿದರೆ, ಹೊಸ ನೀರು ಬಣ್ಣದ ಕಣಗಳನ್ನು ಹೊರಕ್ಕೆ ದೂಡಿ ಹೂಕೋಸಿನಂಥ ಕಲೆ ಮೂಡಿಸುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಬೇಗ ಆರುವ ಹಾಳೆ ಮಲೆನಾಡಿನ ಮಳೆಗಾಲದಲ್ಲಿ ಬಹು ಹೊತ್ತು ಒದ್ದೆಯಾಗಿಯೇ ಇರುತ್ತದೆ.

ಬಣ್ಣಗಳ ಗುಣವೂ ಒಂದೇ ತೆರನಲ್ಲ. ಅಲ್ಟ್ರಾಮರೀನ್ ನೀಲಿಯ ಕಣಗಳು ಕಾಗದದ ತಗ್ಗುಗಳಲ್ಲಿ ಕೂತು ತರಿತರಿಯಾಗಿ ಕಾಣುತ್ತವೆ. 1930ರ ದಶಕದಲ್ಲಿ ಬಂದ ಥ್ಯಾಲೊ ನೀಲಿ ನಯವಾಗಿ ಹರಡಿ, ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ಇವೆರಡರಿಂದಲೂ ಒಂದೇ ಹಾಳೆಯಲ್ಲಿ ಮೂರು ವಾಶ್‌ಗಳನ್ನು ಹಾಕಿ, ಒಣಗಲು ಹಿಡಿದ ಹೊತ್ತನ್ನು ಹಿಂಬದಿಯಲ್ಲಿ ಬರೆದಿಟ್ಟರೆ, ಮುಂದಿನ ಚಿತ್ರದ ಆಕಾಶಕ್ಕೆ ಯಾವ ನೀಲಿ, ಎಷ್ಟು ನೀರು ಎಂಬುದನ್ನು ಆ ಹಾಳೆ ನೋಡಿಯೇ ನಿರ್ಧರಿಸಬಹುದು.