ದಿನಸಿ ಅಂಗಡಿಯ ಸೇವಕ ಮತ್ತು ಅನುಭವದ ತೂಕ

ವ್ಯಾಪಾರವನ್ನೇ ಜೀವನೋಪಾಯವಾಗಿ ಅವಲಂಬಿಸಿದ ಶ್ರಾವಕ ಕುಟುಂಬಗಳಿಗೆ ತಕ್ಕಡಿಯ ಶುದ್ಧಿ ಹೊಸ ಪಾಠವಲ್ಲ. ಆದರೆ ಆ ತಕ್ಕಡಿಯನ್ನು ಹಿಡಿಯುವ ಸೇವಕನ ಸಂಬಳವನ್ನು ತೂಗುವಾಗಲೂ ಅದೇ ಎಚ್ಚರ ಬೇಕಲ್ಲವೆ? ಒಂದು ದಿನಸಿ ಅಂಗಡಿಯಲ್ಲಿ ಹತ್ತು ವರ್ಷ ದುಡಿದವನು ಬೇರೊಂದು ಅಂಗಡಿಗೆ ಸೇರಿದಾಗ, ಅವನ ಮೊದಲ ತಿಂಗಳ ಸಂಬಳದಲ್ಲಿ ಆ ಹತ್ತು ವರ್ಷಗಳಿಗೆ ಬೆಲೆಯುಂಟೆ ಎಂಬುದು ವಿಚಾರಾರ್ಹ.

1909ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಪ್ರಶ್ನೆಯ ಮೂಲವಿದೆ. ಒಪ್ಪಿದ ವೇತನವನ್ನೇ ಕೊಡಬೇಕು. ಮೊದಲೇ ನಿಶ್ಚಯವಾಗದಿದ್ದರೆ ಕೆಲಸಕ್ಕೂ ಕಾಲಕ್ಕೂ ತಕ್ಕಂತೆ ಕೊಡಬೇಕು. ಹಾಗೆ ನಿಶ್ಚಯವಾಗದಿದ್ದಾಗ ಬೇಸಾಯಗಾರನಿಗೆ ಬೆಳೆಯಲ್ಲಿ, ಗೋಪಾಲಕನಿಗೆ ತುಪ್ಪದಲ್ಲಿ, ಸರಕು ಮಾರುವವನಿಗೆ ಮಾರಿದ ಸರಕಿನಲ್ಲಿ ಹತ್ತನೆಯ ಒಂದು ಪಾಲು ಸಲ್ಲುತ್ತದೆ. ಪಾಲಿನ ಈ ಪದ್ಧತಿಯಲ್ಲಿ ಅನುಭವಕ್ಕೆ ತಾನಾಗಿಯೇ ಫಲವಿತ್ತು. ನುರಿತವನು ಹೆಚ್ಚು ಮಾರಿ ಹೆಚ್ಚು ಪಡೆಯುತ್ತಿದ್ದನು. ತಿಂಗಳ ಸಂಬಳದ ಕ್ರಮದಲ್ಲಿ ಆ ದಾರಿ ಮುಚ್ಚಿ, ಸೇರುವ ದಿನದ ಮಾತುಕತೆಯೇ ನಿರ್ಣಾಯಕವಾಯಿತು.

ಸ್ವತಂತ್ರ ಭಾರತದ 1948ರ ಕನಿಷ್ಠ ವೇತನ ಕಾಯ್ದೆಯು ಕೆಲಸದ ವರ್ಗ, ವಯಸ್ಸು, ಪ್ರದೇಶಗಳನ್ನು ಅನುಸರಿಸಿ ಬೇರೆ ಬೇರೆ ದರಗಳಿಗೆ ಅವಕಾಶವಿತ್ತಿತು. ಅದರ ಸ್ಥಾನಕ್ಕೆ ಬಂದ 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದ್ದು, ಕೌಶಲವನ್ನು ಮುಖ್ಯ ಆಧಾರಗಳಲ್ಲಿ ಒಂದಾಗಿ ಎಣಿಸುತ್ತದೆ. ಆದರೆ ಕಾನೂನು ಕೆಳಗಿನ ಗೆರೆಯನ್ನು ಮಾತ್ರ ಎಳೆಯುತ್ತದೆ. ಆ ಗೆರೆಯ ಮೇಲಿನದು ಯಜಮಾನನ ಧರ್ಮಬುದ್ಧಿಗೆ ಬಿಟ್ಟದ್ದು.

ಅಮೆರಿಕದ ಒಂದು ಪ್ರಸಂಗ ಇಲ್ಲಿ ಬೋಧಪ್ರದವಾಗಿದೆ. ದಕ್ಷಿಣ ಕ್ಯಾಲಿಫೋರ್ನಿಯದ ದಿನಸಿ ಮಳಿಗೆಗಳಲ್ಲಿ 2003ರ ಅಕ್ಟೋಬರ್‌ನಿಂದ 2004ರ ಫೆಬ್ರವರಿಯವರೆಗೆ ನಡೆದ ದೀರ್ಘ ಮುಷ್ಕರವು, ಹೊಸದಾಗಿ ಸೇರುವವರಿಗೆ ಕಡಿಮೆ ವೇತನಶ್ರೇಣಿಯಿರುವ ಒಪ್ಪಂದದಲ್ಲಿ ಮುಗಿಯಿತು. ಒಂದೇ ಕಟ್ಟೆಯಲ್ಲಿ ಒಂದೇ ಕೆಲಸಕ್ಕೆ ಎರಡು ದರಗಳಾದವು. 2007ರ ಒಪ್ಪಂದದಲ್ಲಿ ಆ ಇಬ್ಬಗೆಯನ್ನು ಕೈಬಿಡಲಾಯಿತು.

ದಿನಸಿ ಅಂಗಡಿಯ ಅನುಭವವೆಂದರೆ ಕೇವಲ ವರ್ಷಗಳ ಎಣಿಕೆಯಲ್ಲ. ಯಾವ ಬೇಳೆ ಎಷ್ಟು ದಿನ ನಿಲ್ಲುತ್ತದೆ, ಹಬ್ಬಕ್ಕೆ ಎಷ್ಟು ಬೆಲ್ಲ ತರಿಸಬೇಕು, ಸಾಲದ ಪುಸ್ತಕದಲ್ಲಿ ಯಾರ ಬಾಕಿಗೆ ಕಾಯಬಹುದು ಎಂಬ ತಿಳಿವಳಿಕೆ ಅದರಲ್ಲಿ ಸೇರಿದೆ. ಧಾನ್ಯವನ್ನು ಬಿಸಿಲಿಗೆ ಹರಡಿ, ಜರಡಿ ಹಿಡಿದು, ತೇವ ತಾಗದಂತೆ ಇಟ್ಟು, ಹುಳು ಹುಟ್ಟುವ ಮೊದಲೇ ತಡೆಯುವ ಕೈ ಅಹಿಂಸೆಯನ್ನೂ ಕಾಯುತ್ತದೆ. ಇಂತಹ ಸೇವಕನಿಂದ ಯಜಮಾನನಿಗೆ ಮೊದಲ ದಿನದಿಂದಲೇ ಲಾಭವುಂಟು.

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನು ಹೇಳಿದೆ. ಕಡಿಮೆಯ ಅಳತೆಯಿಂದ ಕೊಟ್ಟು ಹೆಚ್ಚಿನ ಅಳತೆಯಿಂದ ತೆಗೆದುಕೊಳ್ಳುವುದು ಎಂದು ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆ. ನುರಿತವನ ಕೆಲಸವನ್ನು ಪಡೆದು ಹೊಸಬನ ಸಂಬಳವನ್ನು ಕೊಡುವುದು ಇದೇ ಅತಿಚಾರದ ಛಾಯೆಯಲ್ಲವೆ? ಇಲ್ಲಿ ಕಲ್ಲು ಬದಲಾಗಿಲ್ಲ, ತಟ್ಟೆ ಬದಲಾಗಿದೆ ಅಷ್ಟೆ.

ಯಜಮಾನನ ಪಕ್ಷದಲ್ಲಿಯೂ ನ್ಯಾಯವಿದೆ. ಹೇಳಿಕೊಂಡ ಅನುಭವವೆಲ್ಲ ನಿಜವಾಗಿರಬೇಕೆಂದಿಲ್ಲ. ಎಲ್ಲ ಅಂಗಡಿಗಳ ರೀತಿಯೂ ಒಂದಲ್ಲ. ಆದುದರಿಂದ ಪರೀಕ್ಷೆಯ ಅವಧಿಯನ್ನು ಮೊದಲೇ ತಿಳಿಸಿ, ಯೋಗ್ಯತೆ ಕಂಡಾಗ ಆರಂಭದ ದಿನದಿಂದಲೇ ವ್ಯತ್ಯಾಸವನ್ನು ತುಂಬಿಕೊಡುವುದು ಉಭಯರಿಗೂ ಹಿತ. ಆದರೆ ಹಿಂದಿನ ಅಂಗಡಿಯ ಸಂಬಳವನ್ನೇ ಅಳತೆಯಾಗಿ ಹಿಡಿಯುವುದು ಸರಿಯಲ್ಲ. ಅಲ್ಲಿ ಅನ್ಯಾಯವಾಗಿದ್ದರೆ ಅದು ಇಲ್ಲಿಯೂ ಮುಂದುವರಿಯುತ್ತದೆ.

ಬಸದಿಗಳ ಟ್ರಸ್ಟುಗಳಲ್ಲಿಯೂ ಉಗ್ರಾಣದವರು, ಅಡುಗೆಯವರು, ಲೆಕ್ಕ ಬರೆಯುವವರು ಇರುತ್ತಾರೆ. ಧರ್ಮಕಾರ್ಯವೆಂಬ ಹೆಸರಿನಲ್ಲಿ ಅವರ ಹಿಂದಿನ ದುಡಿಮೆಯನ್ನು ಶೂನ್ಯವೆಂದು ಬಗೆಯುವುದು ಧರ್ಮಕ್ಕೆ ಶೋಭೆಯಲ್ಲ. ಗ್ರಾಹಕನಿಗೆ ಒಂದು ತೊಲ ಕಡಿಮೆಯಾದರೆ ಅಳುಕುವ ಮನಸ್ಸು, ಸೇವಕನ ಹತ್ತು ವರ್ಷ ಕಡಿಮೆಯಾದಾಗಲೂ ಅಳುಕಬೇಕು. ಆಗ ಮಾತ್ರ ಶ್ರಾವಕನ ಅಂಗಡಿಯ ತಕ್ಕಡಿ ನೇರವಾಗಿ ನಿಲ್ಲುತ್ತದೆ.